ಗದ್ದೆಯ ಸುಭದ್ರೆ, ಕಲಾಕ್ಷೇತ್ರದ ಸುಭದ್ರೆ

ಎರಡು ತಿಂಗಳ ಅಂತರದಲ್ಲಿ ‘ಅಭಿಮನ್ಯು ಕಾಳಗ’ ಯಕ್ಷಗಾನವನ್ನು ಎರಡು ಬಾರಿ ನೋಡಿದೆ. ಮೊದಲನೆಯದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಮೂರು ಗಂಟೆಯ ಕಾಲಮಿತಿ ಪ್ರದರ್ಶನ. ಎರಡನೆಯದು ಕುಂದಾಪುರದ ಕಡೆ, ಕೊಯ್ಲು ಮುಗಿದ ಗದ್ದೆಯಲ್ಲಿ, ಇಡೀ ರಾತ್ರಿಯ ಹರಕೆ ಆಟ. ಎರಡೂ ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಮೊಬೈಲಿನಲ್ಲಿಯೂ ಒಮ್ಮೆ ನೋಡಿದ್ದೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಧ್ಯೆ ಎದ್ದು ಹಾಲು ಕಾಯಿಸಿ ಬಂದಿದ್ದೇನೆ.

ಕಲಾಕ್ಷೇತ್ರದ ಅನುಕೂಲಗಳನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಒರಗಲು ಕುರ್ಚಿ, ಮುಖದ ಮೇಲೆ ನೇರ ಬೆಳಕು. ಅಭಿಮನ್ಯುವಿನ ಪುಂಡುವೇಷ ಕಟ್ಟಿದ ಹುಡುಗನ ಗಲ್ಲದಲ್ಲಿ ಬೆವರು ಬಣ್ಣವನ್ನು ಕೊರೆದುಕೊಂಡು ಇಳಿದದ್ದೂ ಕಾಣಿಸಿತು. ಅರ್ಥದ, ಅಂದರೆ ಪಾತ್ರಧಾರಿಗಳ ಸಂಭಾಷಣೆಯ, ಒಂದು ಮಾತೂ ಕಿವಿಗೆ ತಪ್ಪಲಿಲ್ಲ. ಆದರೆ ಸುಭದ್ರೆ ಮಗನನ್ನು ತಡೆಯುವ ಪದ್ಯದಲ್ಲಿ ಭಾಗವತರು ಸ್ವರವನ್ನು ಎಳೆದು ನಿಲ್ಲಿಸಿದ ಕೂಡಲೇ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನನ್ನ ಕಣ್ಣು ಆಗಷ್ಟೇ ತೇವವಾಗುತ್ತಿತ್ತು. ಚಪ್ಪಾಳೆ ಅದನ್ನು ಒರೆಸಿ ಹಾಕಿತು. ಅಳುವುದು ಬಿಟ್ಟು ಹಾಡುಗಾರಿಕೆಯನ್ನು ಮೆಚ್ಚತೊಡಗಿದೆ. ಆಮೇಲೆ ಚಕ್ರವ್ಯೂಹ ಹತ್ತು ನಿಮಿಷದಲ್ಲಿ ಮುಗಿಯಿತು.

ಗದ್ದೆಯಲ್ಲಿ ಕಷ್ಟಗಳಿಗೆ ಕೊರತೆಯಿರಲಿಲ್ಲ. ಚಾಪೆಯ ಕೆಳಗೆ ಕೊಯ್ದುಳಿದ ಕೂಳೆ ಚುಚ್ಚುತ್ತಿತ್ತು, ಇಬ್ಬನಿಗೆ ತಲೆ ಒದ್ದೆಯಾಗುತ್ತಿತ್ತು. ಹಾಸ್ಯ ಅಗತ್ಯಕ್ಕಿಂತ ಅರ್ಧ ಗಂಟೆ ಹೆಚ್ಚು ಎಳೆಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹೇರುವ ನಿಯಮ 2000ದಿಂದಲೂ ಇದೆ. ಕರಾವಳಿಯ ಎಷ್ಟೋ ಆಟಗಳು ಕಾಲಮಿತಿಗೆ ಇಳಿದದ್ದಕ್ಕೆ ಅದೂ ಒಂದು ಕಾರಣ. ಇಲ್ಲಿ ಆಟ ನಿಲ್ಲಲಿಲ್ಲ, ಮೈಕ್ ನಿಂತಿತು. ಜನ ಚಾಪೆಗಳನ್ನು ಎಳೆದುಕೊಂಡು ರಂಗಸ್ಥಳದ ಬುಡಕ್ಕೆ ಬಂದರು. ದ್ರೋಣನ ಒಡ್ಡೋಲಗದ, ಅಂದರೆ ರಂಗಪ್ರವೇಶದ, ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ಚಂಡೆಯ ಪೆಟ್ಟಿಗೆ ಎಚ್ಚರವಾದಾಗ ಎರಡು ಗಂಟೆ ದಾಟಿತ್ತು, ಸುಭದ್ರೆ ಎದುರಿಗೇ ನಿಂತಿದ್ದಳು.

ಆ ಸ್ತ್ರೀವೇಷಧಾರಿ ಐವತ್ತು ದಾಟಿದವರು, ಧ್ವನಿ ಬಿದ್ದಿತ್ತು. ಬೆಂಗಳೂರಿನವರ ಸಾಮರ್ಥ್ಯಕ್ಕೆ ಹೋಲಿಸಿದರೆ ಒಂದು ಕೈ ಕಡಿಮೆಯೇ. ಪದ್ಯ ಮುಗಿಯುವಾಗ ಚಂಡೆ ನಿಂತು ಮದ್ದಳೆ ಮಾತ್ರ ಉಳಿಯಿತು. ಅವರು ಮಗನ ಎದೆಪದಕವನ್ನು ಸರಿಪಡಿಸಿದರು, ಮತ್ತೆ ಅದನ್ನೇ ಸರಿಪಡಿಸಿದರು. ಶಾಲೆಗೆ ಹೊರಟ ಹುಡುಗನ ಅಂಗಿಯ ಗುಂಡಿಯನ್ನು ಅಮ್ಮ ಮುಟ್ಟಿ ನೋಡುವ ಹಾಗೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಪಕ್ಕದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹೋಗಬೇಡ ಮಗನೇ” ಎಂದರು, ತಮಗೆ ತಾವೇ ಹೇಳಿಕೊಳ್ಳುವಷ್ಟು ಮೆಲ್ಲಗೆ. ಈ ಕಥೆಯನ್ನು ಅವರು ನನಗಿಂತ ನೂರು ಸಲ ಹೆಚ್ಚು ನೋಡಿರಬೇಕು. ಅಲ್ಲಿಗೆ ನನ್ನ ಕಟ್ಟೆಯೂ ಒಡೆಯಿತು.

ಆಟವನ್ನೇ ನೋಡದವರಿಗೆ ನಾನು ಈಗಲೂ ಕಲಾಕ್ಷೇತ್ರವನ್ನೇ ಹೇಳುತ್ತೇನೆ. ಮೊದಲ ಸಲವೇ ಗದ್ದೆಗೆ ಕರೆದೊಯ್ದರೆ ಹನ್ನೊಂದು ಗಂಟೆಗೆಲ್ಲ ಬೈಕ್ ಹತ್ತಿ ಹೊರಟುಬಿಡುತ್ತಾರೆ. ಪರಿಚಯವಿರುವವರು ಮಾತ್ರ ಒಂದು ದಪ್ಪ ಕಂಬಳಿ ಹಿಡಿದು ಗದ್ದೆಗೇ ಹೋಗಲಿ.

ಬೆಳಗಾದ ಮೇಲೆ ವೇಷ ಕಟ್ಟುವ ಚೌಕಿಗೆ ಇಣುಕಿದೆ. ಸುಭದ್ರೆ ಲುಂಗಿ ಉಟ್ಟು, ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಒಂದು ಕಣ್ಣಿನಲ್ಲಿ ಕಾಡಿಗೆ ಹಾಗೆಯೇ ಇತ್ತು. ನನ್ನನ್ನು ಕಂಡು, “ಕುಂದಾಪುರಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದರು. ಹೇಳಲು ಹೋದರೆ ನನ್ನ ಗಂಟಲೇ ಇನ್ನೂ ಬಿಟ್ಟಿರಲಿಲ್ಲ.