ಅಡೆಪ್ಟ್ ದ್ರಾವಣ: ಲ್ಯಾಪರೋಸ್ಕೋಪಿ ನಂತರದ ಅಂಟುಗಳಿಗೆ ಎಷ್ಟು ನೆಚ್ಚಬಹುದು?

ಲ್ಯಾಪರೋಸ್ಕೋಪಿ ಎಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್. ತೂತು ಚಿಕ್ಕದಾದ ಮಾತ್ರಕ್ಕೆ ಹೊಟ್ಟೆಯೊಳಗೆ ಅಂಟು ಕಟ್ಟುವುದಿಲ್ಲ, ಅಂದರೆ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಎಂದುಕೊಳ್ಳುವಂತಿಲ್ಲ. ಒಳಪೊರೆ ಸುಟ್ಟ ಕಡೆ, ಕಿತ್ತ ಕಡೆ, ಒಣಗಿದ ಕಡೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಅಂಟಾದ ಪ್ರೋಟೀನ್) ಒಸರುತ್ತದೆ. ಮೊದಲ ಕೆಲವು ದಿನಗಳಲ್ಲಿ ದೇಹ ಅದನ್ನು ಕರಗಿಸದಿದ್ದರೆ ಅದರೊಳಗೆ ನಾರು, ರಕ್ತನಾಳ ಬೆಳೆದು ಕರುಳು, ಅಂಡಾಶಯ, ಗರ್ಭನಾಳಗಳು ಹೆಣೆದುಕೊಳ್ಳುತ್ತವೆ. ಆ ಕೆಲವು ದಿನ ಅಂಗಗಳನ್ನು ತೇಲಿಸಿ ದೂರ ಇಡುವುದೇ ಅಡೆಪ್ಟ್‌ನ ಕೆಲಸ.

ಇದು ಮೆಕ್ಕೆಜೋಳದ ಪಿಷ್ಟದಿಂದ ತಯಾರಾದ ಐಕೋಡೆಕ್ಸ್‌ಟ್ರಿನ್ ಎಂಬ ಸಕ್ಕರೆ ಸರಪಳಿಯ 4% ದ್ರಾವಣ. ಮಾಮೂಲಿ ಲವಣದ್ರಾವಣವಾದ ರಿಂಗರ್ ಲ್ಯಾಕ್ಟೇಟ್ ಸುಮಾರು ಒಂದು ದಿನದಲ್ಲಿ ಹೀರಿಹೋಗುತ್ತದೆ. ಅಡೆಪ್ಟ್‌ನ ಅಣುಗಳು ದೊಡ್ಡವು, ಹಾಗಾಗಿ ಮೂರು–ನಾಲ್ಕು ದಿನ ನೀರನ್ನು ಹಿಡಿದಿಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಅನುಮತಿ ಕೊಟ್ಟದ್ದು ಸ್ತ್ರೀರೋಗದ ಲ್ಯಾಪರೋಸ್ಕೋಪಿಯಲ್ಲಿ ಅಂಟು ಬಿಡಿಸುವಾಗ ಬಳಸಲು ಮಾತ್ರ.

ಬಳಕೆ ಸುಲಭ, ಆದರೆ ಅರೆಬರೆ ಮಾಡಿದರೆ ಪ್ರಯೋಜನವಿಲ್ಲ. ದ್ರಾವಣವನ್ನು ದೇಹದ ಬಿಸಿಗೆ ತಂದುಕೊಂಡು, ಆಪರೇಷನ್ ಉದ್ದಕ್ಕೂ ಪ್ರತಿ 30 ನಿಮಿಷಕ್ಕೆ ಕನಿಷ್ಠ 100 ಮಿಲಿಯಿಂದ ತೊಳೆಯಬೇಕು. ಕೊನೆಗೆ ಒಳಗಿರುವುದನ್ನೆಲ್ಲ ಹೀರಿ ತೆಗೆದು, ಹೊಸದಾಗಿ 1 ಲೀಟರ್ ಬಿಡಬೇಕು. ಡ್ರೈನ್ (ದ್ರವ ಹೊರಬಿಡುವ ನಳಿಕೆ) ಇಟ್ಟರೆ ಅದರಲ್ಲೇ ಹರಿದುಹೋಗುತ್ತದೆ. ತೂತುಗಳಿಂದ ಒಂದಿಷ್ಟು ಸೋರುವುದು, ಯೋನಿಯ ಹೊರತುಟಿ ಊದಿಕೊಳ್ಳುವುದು ಗೊತ್ತಿರುವ ತೊಂದರೆಗಳು. ಮನೆಗೆ ಕಳಿಸುವ ಮುಂಚೆಯೇ ರೋಗಿಗೆ ಹೇಳಿದರೆ ಗಾಬರಿ ಇರುವುದಿಲ್ಲ.

ಫಲ? ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಅಂಟು ಗಣನೀಯವಾಗಿ ಇಳಿದದ್ದು ಅಡೆಪ್ಟ್ ಪಡೆದವರಲ್ಲಿ 49% ಮಂದಿಗೆ, ರಿಂಗರ್ ಲ್ಯಾಕ್ಟೇಟ್ ಪಡೆದವರಲ್ಲಿ 38% ಮಂದಿಗೆ. ಲಾಭ ಇದೆ, ದೊಡ್ಡದಲ್ಲ. ಅಂಟು ಇಳಿಯಿತೆಂದರೆ ನೋವು ಹೋಯಿತು, ಗರ್ಭ ನಿಲ್ಲುತ್ತದೆ ಎಂದರ್ಥವಲ್ಲ. ಇದನ್ನು ಆ ಭರವಸೆಯ ಮೇಲೆ ಮಾರುವುದು ತಪ್ಪು.

ಎಲ್ಲಕ್ಕಿಂತ ಅಪಾಯದ ಸಂಗತಿ ಗ್ಲುಕೋಮೀಟರ್. ಐಕೋಡೆಕ್ಸ್‌ಟ್ರಿನ್ ಒಡೆದಾಗ ರಕ್ತದಲ್ಲಿ ಮಾಲ್ಟೋಸ್ ಎಂಬ ಬೇರೆ ಸಕ್ಕರೆ ಸೇರುತ್ತದೆ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವ ಬಳಸುವ ಬಗೆಯ ಸ್ಟ್ರಿಪ್‌ಗಳು ಅದನ್ನೂ ಗ್ಲುಕೋಸ್ ಎಂದೇ ಎಣಿಸುತ್ತವೆ. ಸಕ್ಕರೆ ನಿಜಕ್ಕೂ ಕುಸಿದಿದ್ದರೂ ಮೀಟರ್ ಹೆಚ್ಚು ತೋರಿಸಬಹುದು, ಆ ಅಂಕಿ ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಕುತ್ತು. ವಾರ್ಡಿನಲ್ಲಿರುವ ಸ್ಟ್ರಿಪ್ ಯಾವ ಬಗೆಯದೆಂದು ಮೊದಲೇ ನೋಡಿಕೊಳ್ಳಿ. ಸಂಶಯವಿದ್ದರೆ ಪ್ರಯೋಗಾಲಯದ ಪರೀಕ್ಷೆಯನ್ನೇ ಮಾಡಿಸಿ.

ಅಮೆರಿಕದ ಅನುಮತಿಯಂತೆ, ಸೋಂಕು ಇದ್ದಲ್ಲಿ, ಕರುಳು ಕತ್ತರಿಸಿದ ಅಥವಾ ಹೊಲಿದಲ್ಲಿ, ಅಪೆಂಡಿಕ್ಸ್ ತೆಗೆದಲ್ಲಿ, ಹೊಟ್ಟೆ ತೆರೆದು ಮಾಡಿದ ಆಪರೇಷನ್‌ನಲ್ಲಿ ಬಳಸಬಾರದು. ಮೆಕ್ಕೆಜೋಳದ ಪಿಷ್ಟದ ಅಲರ್ಜಿ, ಮಾಲ್ಟೋಸ್ ಒಗ್ಗದಿರುವುದು, ಗ್ಲೈಕೋಜನ್ ಶೇಖರಣೆಯ ಕಾಯಿಲೆ ಇದ್ದವರಿಗೂ ಬೇಡ.

ಒಂದೇ ಜಾಗ ಮುಚ್ಚುವುದಿದ್ದರೆ ಅಂಟು ತಡೆಯುವ, ಕರಗಿಹೋಗುವ ಇಂಟರ್‌ಸೀಡ್ ಬಟ್ಟೆಯೂ ಇದೆ, ಆದರೆ ರಕ್ತ ಒಸರುತ್ತಿದ್ದರೆ ಅದು ಕಪ್ಪಾಗಿ ಕೆಟ್ಟಂತೆಯೇ. ಇದೇ ಕೆಲಸದ ಸೆಪ್ರಾಫಿಲ್ಮ್ ಹಾಳೆ ಗರಿಗರಿ, ಒದ್ದೆ ತಾಗಿದಲ್ಲೇ ಅಂಟುತ್ತದೆ. ಸಣ್ಣ ತೂತಿನಿಂದ ಒಳಗೆ ತೂರಿಸಿ ಹಾಸುವುದು ಕಷ್ಟ. ದ್ರಾವಣಕ್ಕೆ ಆ ತಾಪತ್ರಯವಿಲ್ಲ, ಕಣ್ಣಿಗೆ ಕಾಣದ ಮೂಲೆಗೂ ತಲುಪುತ್ತದೆ. ಆದರೂ ರಕ್ತ ಪೂರ್ತಿ ನಿಲ್ಲಿಸದೆ, ಸಿಕ್ಕಲ್ಲೆಲ್ಲ ಸುಟ್ಟು, ಪುಡಿ ಹಚ್ಚಿದ ಕೈಗವಸು ತೊಟ್ಟು ಮಾಡಿದ ಆಪರೇಷನ್ನನ್ನು ಈ 1 ಲೀಟರ್ ಸರಿಪಡಿಸದು.