ಬಿಸಿಯೂಟದ ಮೊಟ್ಟೆ: ಗದಗ ಜಿಲ್ಲೆಯ ಒಬ್ಬ ತಾಯಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ಕೊಡುವ ಮೊಟ್ಟೆ ತುಂಬಾ ಒಳ್ಳೆಯ ಯೋಜನೆ. ಅದನ್ನು ನಡೆಸುವ ರೀತಿಯಲ್ಲಿ ಮಾತ್ರ ಎರಡು ಕೊರತೆಗಳಿವೆ. ನನ್ನ ಮಗಳು ಏಳನೇ ಕ್ಲಾಸು, ನಾನು ಆ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೇನೆ, ಅಂದರೆ ಪೋಷಕರು ಸೇರಿ ಶಾಲೆಯ ಉಸ್ತುವಾರಿ ನೋಡುವ ಸಮಿತಿಯಲ್ಲಿ. ಹಾಗಾಗಿ ಅಡುಗೆ ಕೋಣೆಯನ್ನೂ ನೋಡಿದ್ದೇನೆ, ಲೆಕ್ಕದ ಪುಸ್ತಕವನ್ನೂ ನೋಡಿದ್ದೇನೆ.

ರುಚಿ, ಶುಚಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಯಿಸಿದ ಮೊಟ್ಟೆ, ಮೇಲೆ ಚೂರು ಉಪ್ಪು. ಮಕ್ಕಳು ಅದನ್ನು ಮೊದಲು ತಿನ್ನುವುದಿಲ್ಲ. ಅನ್ನ ಸಾರು ಮುಗಿಯುವ ತನಕ ತಟ್ಟೆಯ ಅಂಚಿಗೆ ಸರಿಸಿ ಇಟ್ಟುಕೊಳ್ಳುತ್ತಾರೆ. ಹೊಸ ಮೊಟ್ಟೆ ಬಂದ ದಿನ ಮಾತ್ರ ಊಟ ತಡವಾಗುತ್ತದೆ. ಅಡುಗೆಯ ಅಕ್ಕ ಅದನ್ನು ಬಕೆಟ್ಟಿನ ತಣ್ಣೀರಿಗೆ ಹಾಕಿ ಒಂದೊಂದೇ ಸುಲಿಯುತ್ತಾ, "ಹೊಸಾ ತತ್ತಿ ಸಿಪ್ಪಿ ಲಗೂ ಬಿಡಂಗಿಲ್ರೀ" ಅನ್ನುತ್ತಾಳೆ. ಇಡೀ ಶಾಲೆಯ ಮೊಟ್ಟೆ ಸುಲಿಯುವುದು ಸಣ್ಣ ಕೆಲಸವಲ್ಲ.

ಈ ಮೊಟ್ಟೆ ನಮ್ಮ ಮಕ್ಕಳ ತಟ್ಟೆಗೆ ಬಂದ ದಾರಿ ನನಗೆ ಬಹಳ ಇಷ್ಟ. 2021ರ ಡಿಸೆಂಬರಿನಲ್ಲಿ ಇದು ಶುರುವಾದಾಗ ನಮ್ಮ ಜಿಲ್ಲೆಗೆ ಇರಲಿಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರಕ್ಕೆ ಮಾತ್ರ ಕೊಟ್ಟರು. ಅಪೌಷ್ಟಿಕತೆ ಜಾಸ್ತಿ ಇರುವ ಕಡೆ ಮೊದಲು ಕೊಟ್ಟಿದ್ದು ನ್ಯಾಯವೇ. ಆದರೆ ಗಲಾಟೆ ಎದ್ದಿತು. ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. ಗಂಗಾವತಿಯ ಒಬ್ಬ ಹುಡುಗಿ ಬಡವರ ಮಕ್ಕಳಾದ ನಮಗೆ ಮೊಟ್ಟೆ ಬೇಕು ಅಂತ ಕ್ಯಾಮೆರಾ ಮುಂದೆ ಗಟ್ಟಿಯಾಗಿ ಹೇಳಿದ ವಿಡಿಯೋ ನಮ್ಮ ಕಡೆಯೂ ಎಲ್ಲರ ಫೋನಿಗೆ ಬಂದಿತ್ತು.

ಮಾತಿಗೆ ಮಾತು ಬೆಳೆಯುತ್ತಿದ್ದಾಗ ಇನ್ನೊಂದು ಕಡೆ ಮಕ್ಕಳನ್ನು ತೂಕ ಮಾಡುವ ಕೆಲಸ ನಡೆಯುತ್ತಿತ್ತು. ನಮ್ಮ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುವ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗಿನ ಮಕ್ಕಳನ್ನೂ ಹೋಲಿಸಿದರು. 2022ರಲ್ಲಿ ಫಲಿತಾಂಶ ಬಂತು. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಲ್ಲಿ ಯಾದಗಿರಿಯವರ ತೂಕ ಏರಿದ್ದು ನಮ್ಮವರಿಗಿಂತ ಶೇ. 71ರವರೆಗೆ ಹೆಚ್ಚು. ಇದನ್ನು ಹಲವರು ತಪ್ಪು ಓದಿಕೊಳ್ಳುತ್ತಾರೆ. ಮೈತೂಕವೇ ಅಷ್ಟು ಹೆಚ್ಚಾಯಿತು ಅಂತಲ್ಲ. ನಮ್ಮ ಹುಡುಗಿ ಒಂದು ಕಿಲೋ ಏರಿದ್ದರೆ ಅಲ್ಲಿಯವಳು ಒಂದು ಕಿಲೋ ಏಳುನೂರು ಗ್ರಾಂ ಏರಿದಳು ಅನ್ನೋ ಥರದ ಲೆಕ್ಕ. ಅದೂ ಕೆಲವೇ ತಿಂಗಳಲ್ಲಿ.

ಎರಡೇ ಜಿಲ್ಲೆ, ಸ್ವಲ್ಪ ದಿನ. ಇದೊಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ, ನಿಜ. ಈಕ್ವೆಡಾರ್ ದೇಶದಲ್ಲಿ ಹಸುಗೂಸುಗಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕುಂಠಿತ ಬೆಳವಣಿಗೆ ತುಂಬಾ ಕಡಿಮೆಯಾಗಿತ್ತು. ಅದೇ ರೀತಿ ಆಫ್ರಿಕಾದ ಮಲಾವಿಯಲ್ಲಿ ಮಾಡಿದಾಗ ಎತ್ತರದಲ್ಲಿ ಅಂಥ ಫರಕು ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲಿಂದಲೂ ಮೀನು ತಿನ್ನುತ್ತಿದ್ದರು. ಯಾವ ಊರಿನ ಮಕ್ಕಳು ಮನೆಯಲ್ಲಿ ಏನು ಉಣ್ಣುತ್ತಾರೆ ಅನ್ನೋದರ ಮೇಲೆ ಲಾಭ ನಿಂತಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ನಮ್ಮ ಮಕ್ಕಳನ್ನು ನಮ್ಮಲ್ಲೇ ತೂಗಿ ನೋಡಿದ್ದು ಇಷ್ಟು ಮುಖ್ಯ.

ಆ ವರದಿ ಬಂದ ಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2023ರಲ್ಲಿ ವಾರಕ್ಕೆ ಎರಡು ಮೊಟ್ಟೆ ಆಯಿತು, ಹತ್ತನೇ ಕ್ಲಾಸಿನವರೆಗೂ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಈ ಆಯ್ಕೆಯನ್ನು ಎಲ್ಲ ಶಾಲೆಯೂ ಮರ್ಯಾದೆಯಿಂದ ನಡೆಸಬೇಕು. ನಮ್ಮಲ್ಲಿ ಇಬ್ಬರಿಗೂ ಒಂದೇ ಸಾಲು, ಒಂದೇ ಮೇಜು. ಯಾರು ಏನು ತಿನ್ನುತ್ತಾರೆ ಅಂತ ಬೇರೆ ಕೂರಿಸುವುದಿಲ್ಲ. ಜಾತಿ ಹುಡುಕುವ ಕಣ್ಣುಗಳಿಗೆ ಅಲ್ಲಿ ಕೆಲಸವಿಲ್ಲ. ಇದು ನನಗೆ ಮೊಟ್ಟೆಯಷ್ಟೇ ದೊಡ್ಡ ವಿಷಯ.

ಈಗ ಕೊರತೆ. ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ. ಕೊಳ್ಳುವುದು, ತರುವುದು, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲಾ ಅದರಲ್ಲೇ. ಚಳಿಗಾಲದಲ್ಲಿ ಮೊಟ್ಟೆಯ ದರ ಏರುತ್ತದೆ, ಆ ಆರು ರೂಪಾಯಿ ಅಲ್ಲೇ ಇರುತ್ತದೆ. ಆಗ ಹೆಡ್ ಮಾಸ್ತರು ಜೇಬಿಂದ ಹಾಕಬೇಕು, ಇಲ್ಲವೇ ಸಣ್ಣ ಮೊಟ್ಟೆ ತರಬೇಕು. ಒಮ್ಮೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. 50 ಗ್ರಾಂ ಇರಬೇಕಾದದ್ದು 40 ದಾಟಲಿಲ್ಲ. ಮೇಲಿನವರಿಗೆ ನನ್ನ ಬೇಡಿಕೆ ಇಷ್ಟೇ: ದರವನ್ನು ಮಾರುಕಟ್ಟೆಗೆ ಕಟ್ಟಿ. ಸುಲಿಯುವ ಅಕ್ಕನಿಗೆ ಬೇರೆಯಾಗಿ ಸರಿಯಾದ ಕೂಲಿ ಕೊಡಿ.

ಎರಡನೆಯದು ನನಗೆ ಹೆಚ್ಚು ನೋವು ಕೊಡುತ್ತದೆ. ಎರಡು ದಿನದಿಂದ ಆರು ದಿನಕ್ಕೆ ಏರಿದಾಗ ನಮ್ಮ ಶಾಲೆಯಲ್ಲಿ ಯಾರೂ ತಕ್ಕಡಿ ತರಲಿಲ್ಲ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯವರು ಬಂದು ಎತ್ತರ ತೂಕ ಬರೆದುಕೊಂಡು ಹೋಗುತ್ತಾರೆ, ಅದರಿಂದ ಏನು ತಿಳಿಯಿತು ಅಂತ ತಾಯಂದಿರಿಗೆ ಹೇಳುವವರಿಲ್ಲ. ಆರು ದಿನ ಕೊಟ್ಟರೆ ಎರಡು ದಿನಕ್ಕಿಂತ ಎಷ್ಟು ಲಾಭ? ರಕ್ತಹೀನತೆ ಕಡಿಮೆಯಾಯಿತಾ? 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ. 65ರಷ್ಟು ಮಂದಿಗೆ ರಕ್ತಹೀನತೆ. ಆ ಮಕ್ಕಳೇ ಈಗ ನಮ್ಮ ಶಾಲೆಯ ಬೆಂಚಿನ ಮೇಲಿದ್ದಾರೆ. ಮೂರು ವರ್ಷದ ದುಡ್ಡು ಮುಗಿದಾಗ ಮತ್ತೆ ಯಾರಾದರೂ ಬೇಡ ಅಂದರೆ ತೋರಿಸಲು ಕೈಯಲ್ಲಿ ಅಂಕಿ ಬೇಕು, ಅಲ್ವಾ?

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರು ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಒಂದು ಮೊಟ್ಟೆ ಕೈಯಲ್ಲಿ ಹಿಡಿದು ಗಾತ್ರ ನೋಡಿ. ನಿಮ್ಮ ಮಗುವಿನ ಹೋದ ವರ್ಷದ ತೂಕ, ಈ ವರ್ಷದ ತೂಕ ಎರಡನ್ನೂ ಕೇಳಿ ಬರೆದುಕೊಳ್ಳಿ. ನಮ್ಮ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ತೂಕದ ಮಷೀನು ಕೊಳ್ಳುವ ವಿಷಯ ಇಡುತ್ತಿದ್ದೇನೆ.