ಸ್ಪೇನಿನ ಕರಾವಳಿಯಲ್ಲಿ ಮನೆ ಕೊಳ್ಳುವವರು ದಲ್ಲಾಳಿ ತೋರಿಸಿದ ವಕೀಲರನ್ನು ನೇಮಿಸಿಕೊಳ್ಳಬೇಡಿ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಸ್ಪೇನಿನ ಮೆಡಿಟರೇನಿಯನ್ ಕರಾವಳಿಯ ಮನೆಗಳ ಜಾಹೀರಾತುಗಳು ಮತ್ತೆ ಕಾಣಿಸಿಕೊಳ್ಳತೊಡಗಿವೆ. ಕಟ್ಟಡ ಏಳುವ ಮೊದಲೇ ಹಣ ಕಟ್ಟಿದರೆ ಬೆಲೆ ಅಗ್ಗ, ಕಾಗದಪತ್ರಗಳ ಚಿಂತೆ ನಿಮಗೆ ಬೇಡ, ವಕೀಲರನ್ನೂ ನಾವೇ ಒದಗಿಸುತ್ತೇವೆ ಎಂದು ಅವುಗಳಲ್ಲಿ ಬರೆದಿರುತ್ತದೆ. 2006ರಲ್ಲಿ ನನಗೂ ನನ್ನ ಪತ್ನಿಗೂ ಹೇಳಿದ್ದು ಇವೇ ಮಾತುಗಳು. ಆ ವರ್ಷ ನಾವು ಅಲಿಕಾಂಟೆ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ತೊರೆವಿಯೆಹಾ ಪಟ್ಟಣದ ಸಮೀಪದ ಬಡಾವಣೆಯೊಂದರಲ್ಲಿ ಇನ್ನೂ ಕಟ್ಟಬೇಕಾಗಿದ್ದ ಫ್ಲ್ಯಾಟಿಗೆ ಹಣ ಕೊಟ್ಟೆವು. ಆ ಫ್ಲ್ಯಾಟು ಕೊನೆಗೂ ನಿರ್ಮಾಣವಾಗಲಿಲ್ಲ, ಕೊಟ್ಟ ಹಣ ಕೈಗೆ ಮರಳುವಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಇನ್ನೊಂದು ಕುಟುಂಬ ಇದೇ ದಾರಿಯಲ್ಲಿ ಹೋಗಬಾರದೆಂಬ ಕಾಳಜಿಯಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಂದಿನ ವ್ಯವಹಾರದ ಕ್ರಮವನ್ನು ಮೊದಲು ತಿಳಿಸಬೇಕು, ಏಕೆಂದರೆ ಅಪಾಯವಿದ್ದದ್ದು ಆ ಕ್ರಮದಲ್ಲಿಯೇ. ದಲ್ಲಾಳಿ ಸಂಸ್ಥೆಯವರು ಕಡಿಮೆ ದರದಲ್ಲಿ ವಿಮಾನ ಮತ್ತು ಹೋಟೆಲಿನ ವ್ಯವಸ್ಥೆ ಮಾಡಿ, ಅಲಿಕಾಂಟೆ ವಿಮಾನ ನಿಲ್ದಾಣದಿಂದಲೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಊಟ, ತಿರುಗಾಟ, ಮನೆ ನೋಡುವುದು ಎಲ್ಲವೂ ಅವರ ಜೊತೆಯಲ್ಲಿಯೇ ನಡೆಯುತ್ತಿದ್ದುದರಿಂದ, ಆ ಊರಿನಲ್ಲಿ ಮೊದಲೇ ಮನೆ ಕೊಂಡಿದ್ದ ಯಾರನ್ನಾದರೂ ಮಾತನಾಡಿಸುವುದಕ್ಕೆ ಬಿಡುವೇ ಸಿಗುತ್ತಿರಲಿಲ್ಲ. ಫ್ಲ್ಯಾಟಿನ ನಕ್ಷೆ ಒಪ್ಪಿಗೆಯಾದ ದಿನವೇ ಕಾಯ್ದಿರಿಸುವ ಹಣ ಪಡೆದರು. ಅವರೇ ಪರಿಚಯಿಸಿದ ವಕೀಲರ ಕಚೇರಿಯಲ್ಲಿ ಕುಳಿತು, ವಿದೇಶಿಯರಿಗೆ ಕಡ್ಡಾಯವಾದ ಎನ್‌ಐಇ ಎಂಬ ಗುರುತಿನ ಸಂಖ್ಯೆಗೆ ಅರ್ಜಿ ಹಾಕಿಸಿ, ನಮ್ಮ ಪರವಾಗಿ ಎಲ್ಲ ಪತ್ರಗಳಿಗೂ ಸಹಿ ಮಾಡುವ ಅಧಿಕಾರಪತ್ರವನ್ನು ಆ ವಕೀಲರ ಹೆಸರಿಗೆ ಬರೆಸಿಕೊಂಡರು. ನಮ್ಮಿಂದ ಶುಲ್ಕ ಪಡೆದ ಆ ವಕೀಲರಿಗೆ ಕಕ್ಷಿದಾರರನ್ನು ಕಳುಹಿಸುತ್ತಿದ್ದವರು ದಲ್ಲಾಳಿಗಳು, ದಲ್ಲಾಳಿಗಳಿಗೆ ಕಮಿಷನ್ ಕೊಡುತ್ತಿದ್ದವನು ಬಿಲ್ಡರ್. ಆ ಮೇಜಿನ ಸುತ್ತ ಕೊಳ್ಳುವವರ ಹಿತ ಕಾಯಲು ಯಾರೂ ಇರಲಿಲ್ಲ.

ಇದರ ಪರಿಣಾಮ ಬ್ಯಾಂಕ್ ಖಾತರಿಯ ವಿಷಯದಲ್ಲಿ ಗೋಚರಿಸಿತು. ಕಟ್ಟುವ ಮೊದಲೇ ಹಣ ಪಡೆಯುವ ಬಿಲ್ಡರನು ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಮನೆ ಸಕಾಲಕ್ಕೆ ಸಿಗದಿದ್ದರೆ ಹಣವನ್ನು ಬಡ್ಡಿಸಹಿತ ಮರಳಿಸುವ ಬ್ಯಾಂಕ್ ಖಾತರಿಯನ್ನೋ ವಿಮೆಯನ್ನೋ ಪ್ರತಿಯೊಬ್ಬ ಖರೀದಿದಾರನಿಗೂ ಕೊಡಬೇಕು ಎಂದು ಸ್ಪೇನಿನಲ್ಲಿ 1968ರಷ್ಟು ಹಿಂದೆಯೇ ಕಾನೂನಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಅವಾಲ್ ಎನ್ನಲಾಗುವ ಈ ಖಾತರಿ ಪತ್ರ ನಮ್ಮ ಕೈಸೇರಬೇಕಾಗಿದ್ದ ಸಮಯ ಮೊದಲ ಕಂತು ಕಟ್ಟಿದಾಗಲೇ. ಕೇಳಿದಾಗಲೆಲ್ಲ, ಬ್ಯಾಂಕು ಸಿದ್ಧಪಡಿಸುತ್ತಿದೆ, ಮುಂದಿನ ಕಂತಿನೊಂದಿಗೆ ಬರುತ್ತದೆ ಎಂಬ ಉತ್ತರವೇ ದೊರೆಯಿತು. ಕರಾರಿನಲ್ಲಿ ಖಾತರಿ ಕೊಡುವುದಾಗಿ ಒಂದು ಸಾಲು ಬರೆದಿತ್ತು, ಆದರೆ ಖಾತರಿ ಪತ್ರ ಮಾತ್ರ ಬರಲೇ ಇಲ್ಲ. ಖಾತರಿಯಿಲ್ಲದೆ ಮುಂದಿನ ಕಂತು ಕಟ್ಟಬೇಡಿ ಎಂಬ ಒಂದೇ ಒಂದು ವಾಕ್ಯವನ್ನು ನಮ್ಮ ವಕೀಲರು ಹೇಳಬಹುದಿತ್ತು, ಹೇಳುವುದು ಅವರ ಕರ್ತವ್ಯವೂ ಆಗಿತ್ತು. ಅದನ್ನು ಹೇಳದಿದ್ದುದನ್ನು ನಾನು ಬರಿಯ ಅಲಕ್ಷ್ಯವೆಂದು ಪರಿಗಣಿಸಲಾರೆ.

2008ರಲ್ಲಿ ಸ್ಪೇನಿನ ಕಟ್ಟಡ ಉದ್ಯಮವೇ ಕುಸಿಯಿತು. ನಮ್ಮ ಬ್ಲಾಕಿನ ಕೆಲಸ ಕಂಬಗಳ ಹಂತದಲ್ಲಿ ನಿಂತು, ಬಿಲ್ಡರನ ಕಂಪನಿ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಇಡೀ ಜಮೀನು ಬ್ಯಾಂಕಿಗೆ ಅಡಮಾನವಾಗಿತ್ತೆಂಬುದು ನಮಗೆ ತಿಳಿದದ್ದು ಆಗಲೇ. ಆಸ್ತಿ ನೋಂದಣಿ ಕಚೇರಿಯಿಂದ ನೋತಾ ಸಿಂಪ್ಲೆ ಎಂಬ ಪುಟ್ಟ ಪತ್ರವನ್ನು ತರಿಸಿದ್ದರೆ ಅಡಮಾನದ ವಿವರ ಮೊದಲ ದಿನವೇ ಕಾಣುತ್ತಿತ್ತು. ಯಾರು ಬೇಕಾದರೂ ಅಲ್ಪ ಶುಲ್ಕ ಕಟ್ಟಿ ಪಡೆಯಬಹುದಾದ ಈ ಪತ್ರದಲ್ಲಿ ಮಾಲೀಕರ ಹೆಸರು, ಅಡಮಾನ, ಜಪ್ತಿ ಎಲ್ಲವೂ ದಾಖಲಾಗಿರುತ್ತವೆ. ನಮ್ಮಲ್ಲಿ ನಿವೇಶನ ಕೊಳ್ಳುವ ಮುನ್ನ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸುವವರು ಇದನ್ನು ಬಿಡಲು ಕಾರಣವೇ ಇಲ್ಲ. ದಿವಾಳಿಯ ಪ್ರಕ್ರಿಯೆಯಲ್ಲಿ ಅಡಮಾನವುಳ್ಳ ಬ್ಯಾಂಕಿಗೆ ಆದ್ಯತೆ ದೊರೆತು, ಮುಂಗಡ ಕೊಟ್ಟ ನಮ್ಮಂತಹವರು ಅದರ ಹಿಂದೆ, ಬಿಲ್ಡರನಿಂದ ಹಣ ಬರಬೇಕಾಗಿದ್ದ ಇತರ ಸಾಮಾನ್ಯರ ಸಾಲಿನಲ್ಲಿ ನಿಲ್ಲಬೇಕಾಯಿತು.

ಅದೇ ಬಡಾವಣೆಯಲ್ಲಿ ಪೂರ್ಣಗೊಂಡಿದ್ದ ಮೊದಲ ಬ್ಲಾಕಿನವರ ಸ್ಥಿತಿಯೂ ನೆಮ್ಮದಿಯದ್ದಾಗಿರಲಿಲ್ಲ. ರಸ್ತೆ ಮತ್ತು ಒಳಚರಂಡಿ ಕೆಲಸಗಳು ಅರ್ಧಕ್ಕೆ ನಿಂತಿದ್ದ ಕಾರಣ ನಗರಸಭೆ ವಾಸಕ್ಕೆ ಪರವಾನಗಿ ಕೊಟ್ಟಿರಲಿಲ್ಲ. ಪರವಾನಗಿಯಿಲ್ಲದೆ ವಿದ್ಯುತ್ ಮತ್ತು ನೀರಿನ ಸಂಪರ್ಕ ತಮ್ಮ ಹೆಸರಿಗೆ ಸಿಗದೆ, ಕಟ್ಟಡ ಕೆಲಸಕ್ಕೆಂದು ಬಿಲ್ಡರ್ ಪಡೆದಿದ್ದ ತಾತ್ಕಾಲಿಕ ವಿದ್ಯುತ್ತಿನಲ್ಲಿ ಅವರು ದಿನ ದೂಡುತ್ತಿದ್ದರು. ಬೇಸಿಗೆಯಲ್ಲಿ ಎರಡು ಮೂರು ಮನೆಗಳಲ್ಲಿ ಏಸಿ ಹಾಕಿದರೆ ಇಡೀ ಬ್ಲಾಕಿನ ವಿದ್ಯುತ್ ಹೋಗುತ್ತಿತ್ತು. ಬಿಲ್ಡರ್ ಬಿಲ್ಲು ಕಟ್ಟುವುದನ್ನು ನಿಲ್ಲಿಸಿದಾಗ ಅದೂ ಕಡಿತವಾಯಿತು. ನಿವೃತ್ತಿಯ ಹಣವನ್ನೆಲ್ಲ ಸುರಿದು ಬಂದಿದ್ದ ವೃದ್ಧ ದಂಪತಿಗಳು ಕೊಡಗಳಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅವರಲ್ಲಿ ಹಲವರ ಕ್ರಯಪತ್ರಕ್ಕೆ ಸಹಿ ಹಾಕಿದವರು, ಅವರಿಂದ ಅಧಿಕಾರಪತ್ರ ಪಡೆದಿದ್ದ ಅದೇ ವಕೀಲರು. ನೋಟರಿಯ ಮುಂದೆ ಸಹಿಯಾಯಿತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ತಿಳಿಯುವುದು ಅಪಾಯಕರ, ಏಕೆಂದರೆ ಸ್ಪೇನಿನ ನೋಟರಿಗೆ ಅಧಿಕಾರವೂ ಗೌರವವೂ ಹೆಚ್ಚಿದ್ದರೂ ಖರೀದಿದಾರನ ಪರವಾಗಿ ವಾದಿಸುವುದು ಅವರ ಕೆಲಸವಲ್ಲ.

ನಮ್ಮ ಹಣ ಮರಳಿದ್ದು ಸ್ಪೇನಿನ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರ ಫಲವಾಗಿ. ಖಾತರಿಯುಳ್ಳ ಪ್ರತ್ಯೇಕ ಖಾತೆ ಇದೆಯೇ ಎಂದು ವಿಚಾರಿಸದೆ ಖರೀದಿದಾರರ ಮುಂಗಡವನ್ನು ಬಿಲ್ಡರನ ಖಾತೆಗೆ ಜಮಾ ಮಾಡಿಕೊಂಡ ಬ್ಯಾಂಕುಗಳೇ ಆ ಹಣಕ್ಕೆ ಹೊಣೆ ಎಂದು 2015ರ ಡಿಸೆಂಬರ್ 21ರಂದು ನ್ಯಾಯಾಲಯ ಹೇಳಿತು. ಅನಂತರ ಬೇರೊಬ್ಬ ವಕೀಲರ ಮೂಲಕ ಬ್ಯಾಂಕಿನ ಮೇಲೆ ದಾವೆ ಹೂಡಿದೆವು. ಕಂತುಗಳೆಲ್ಲ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾವಣೆಯಾಗಿದ್ದು, ಪ್ರತಿಯೊಂದರ ರಸೀದಿಯೂ ನನ್ನ ಪತ್ನಿಯ ಕಡತದಲ್ಲಿ ಸುರಕ್ಷಿತವಾಗಿದ್ದುದು ನಮ್ಮನ್ನು ಉಳಿಸಿತು. ನಗದಾಗಿ ಕೊಟ್ಟವರು ಮತ್ತು ದಲ್ಲಾಳಿಯ ಇಂಗ್ಲೆಂಡಿನ ಖಾತೆಗೆ ಕಳುಹಿಸಿದವರು ಆ ಹಣ ಬಿಲ್ಡರನ ಬ್ಯಾಂಕಿಗೆ ತಲುಪಿತ್ತೆಂದು ತೋರಿಸಲಾಗದೆ ಬರಿಗೈಯಲ್ಲಿ ಮರಳಿದರು.

1968ರ ಆ ಕಾನೂನು ಈಗ ಜಾರಿಯಲ್ಲಿಲ್ಲ. 2016ರ ಜನವರಿ 1ರಿಂದ ಅದರ ಸ್ಥಾನದಲ್ಲಿ ಕಟ್ಟಡ ಕಾಯ್ದೆಯ ಹೊಸ ನಿಯಮಗಳಿವೆ. ಖಾತರಿ ಕೊಡುವ ಹೊಣೆ ಕಟ್ಟಡ ಪರವಾನಗಿ ದೊರೆತಂದಿನಿಂದ ಆರಂಭವಾಗುತ್ತದೆ ಎಂದು ಈ ನಿಯಮಗಳು ಹೇಳುವುದರಿಂದ, ಪರವಾನಗಿಯ ಪ್ರತಿಯನ್ನು ಕಣ್ಣಾರೆ ನೋಡದೆ ಯಾವ ಹೆಸರಿನಲ್ಲಿ ಕೇಳಿದರೂ ಹಣ ಕೊಡಬಾರದು. ನಿಮ್ಮ ಹೆಸರು ಮತ್ತು ಮೊತ್ತ ನಮೂದಾಗಿರುವ ಖಾತರಿ ಪತ್ರ ಕೈಸೇರಿದ ಮೇಲಷ್ಟೇ ಕಂತು ಕಟ್ಟಬೇಕು. ವಕೀಲರನ್ನು ನೀವೇ ಹುಡುಕಿಕೊಳ್ಳಿ, ಅವರ ಸದಸ್ಯತ್ವ ಸಂಖ್ಯೆಯನ್ನು ಆ ಭಾಗದ ವಕೀಲರ ಸಂಘದಲ್ಲಿ ಪರಿಶೀಲಿಸಿ, ಬಿಲ್ಡರನೊಂದಿಗಾಗಲಿ ದಲ್ಲಾಳಿಯೊಂದಿಗಾಗಲಿ ವ್ಯವಹಾರ ಸಂಬಂಧವಿಲ್ಲವೆಂದು ಅವರಿಂದ ಬರೆಸಿಕೊಳ್ಳಿ. ಅಧಿಕಾರಪತ್ರ ಕೊಡಲೇಬೇಕಾದರೆ, ವಾಸಕ್ಕೆ ಅಗತ್ಯವಾದ ಪತ್ರಗಳಿಲ್ಲದೆ ಕ್ರಯಪತ್ರಕ್ಕೆ ಸಹಿ ಮಾಡುವಂತಿಲ್ಲ ಎಂಬ ಷರತ್ತನ್ನು ಅದರಲ್ಲಿಯೇ ಸೇರಿಸಿ. ಹೊಸ ಮನೆಗೆ ಶೇಕಡಾ 10ರಷ್ಟು ವ್ಯಾಟ್, ಅದರ ಮೇಲೆ ದಸ್ತಾವೇಜು ತೆರಿಗೆ, ನೋಟರಿ ಮತ್ತು ನೋಂದಣಿ ಶುಲ್ಕಗಳು ಬೀಳುತ್ತವೆ. ಜಾಹೀರಾತಿನ ಬೆಲೆಯಲ್ಲಿ ಇವು ಸೇರಿರುವುದಿಲ್ಲ.

ಹಳೆಯ ಮನೆ ಕೊಳ್ಳುವವರಿಗೆ ತೊಡಕುಗಳು ಬೇರೆ. ಕಡಲಿಗೆ ತೀರ ಹತ್ತಿರದ ಮನೆಯಾದರೆ 1988ರ ಕರಾವಳಿ ಕಾಯ್ದೆಯ ಪ್ರಕಾರ ಅದು ಸಾರ್ವಜನಿಕ ತೀರದ ಗಡಿಯೊಳಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಬಂದರೆ ನಿಮಗೆ ಸಿಗುವುದು ನಿಗದಿತ ಅವಧಿಯ ಅನುಭೋಗದ ಹಕ್ಕು ಮಾತ್ರ. ಕೃಷಿ ಭೂಮಿಯಲ್ಲಿ ಕಟ್ಟಿದ ಮನೆಯಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಮೇರಿಯಾ ಪ್ರಾಂತ್ಯದ ವೇರಾ ಎಂಬಲ್ಲಿ ನಗರಸಭೆಯೇ ಪರವಾನಗಿ ಕೊಟ್ಟಿದ್ದ ಬ್ರಿಟಿಷ್ ದಂಪತಿಯೊಬ್ಬರ ಮನೆಯನ್ನು, ಆ ಪರವಾನಗಿ ಅಕ್ರಮವೆಂಬ ಕಾರಣಕ್ಕೆ 2008ರ ಜನವರಿಯಲ್ಲಿ ಕೆಡವಲಾಯಿತು.

ಮನೆ ಕೊಂಡರೆ ವಾಸದ ಹಕ್ಕೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐದು ಲಕ್ಷ ಯೂರೋ ಹೂಡಿದವರಿಗೆ 2013ರಿಂದ ಕೊಡುತ್ತಿದ್ದ ವೀಸಾ ಯೋಜನೆ 2025ರ ಏಪ್ರಿಲ್ 3ಕ್ಕೆ ಕೊನೆಗೊಂಡಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಉಳ್ಳವರು ಬೇರೆ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು, ಭಾರತದ ಪಾಸ್‌ಪೋರ್ಟಿನಲ್ಲಿ ಬರುವ ತಂದೆತಾಯಿಯರಿಗೆ ಮಕ್ಕಳದೇ ಮನೆಯಿದ್ದರೂ ಷೆಂಗೆನ್ ವೀಸಾ ಬೇಕೇ ಬೇಕು.

ಈಗಾಗಲೇ ಹಣ ಕಟ್ಟಿ, ಒಪ್ಪಿದ ದಿನಾಂಕ ಕಳೆದರೂ ಮನೆ ಸಿಗದೆ ಕಾಯುತ್ತಿರುವವರು ದಯವಿಟ್ಟು ತಡಮಾಡಬೇಡಿ. ಬಿಲ್ಡರ್ ಮಾತು ತಪ್ಪಿದಂದಿನಿಂದ ಎರಡು ವರ್ಷದೊಳಗೆ ಹಣ ಮರಳಿ ಕೇಳದಿದ್ದರೆ ಬ್ಯಾಂಕ್ ಖಾತರಿ ರದ್ದಾಗುತ್ತದೆ. ಫೋನಿನಲ್ಲಿ ಕೇಳಿದ್ದಕ್ಕೆ ಸಾಕ್ಷ್ಯವಿರುವುದಿಲ್ಲವಾದ್ದರಿಂದ, ಪತ್ರದ ಒಕ್ಕಣೆಗೂ ತಲುಪಿದ ದಿನಾಂಕಕ್ಕೂ ಪುರಾವೆ ಉಳಿಯುವ ಬುರೋಫ್ಯಾಕ್ಸ್ ಎಂಬ ಅಂಚೆ ಸೇವೆಯ ಮೂಲಕ ಬಿಲ್ಡರನಿಗೂ ಖಾತರಿ ಕೊಟ್ಟ ಬ್ಯಾಂಕಿಗೂ ನಿಮ್ಮ ಸ್ವಂತ ವಕೀಲರಿಂದ ಈ ವಾರವೇ ನೋಟಿಸು ಕಳುಹಿಸಿ.